ಬುಲ್ಸ್ ಸೆಟ್ಟಿನಲ್ಲಿ ಇನ್ನು ಮೂರೇ ಕಾರ್ಡು ಬಾಕಿ

ಹಳೆಯ ಬೇಸ್‌ಬಾಲ್ ಆಟಗಾರರಿಗೆ ಅವರದೇ ಚಿತ್ರವಿರುವ ಕಾರ್ಡನ್ನು, ನನ್ನ ವಿಳಾಸ ಬರೆದ ವಾಪಸ್ ಕವರಿನ ಜೊತೆ ಅಂಚೆಯಲ್ಲಿ ಕಳಿಸಿ ಸಹಿ ಹಾಕಿಸಿಕೊಳ್ಳುವುದು ನನ್ನ ಹವ್ಯಾಸ. ಹೋದ ತಿಂಗಳು ನಮ್ಮ ಮನೆಯ ಅಂಚೆ ಡಬ್ಬಿಯಲ್ಲಿ ನನ್ನದೇ ಕೈಬರಹದ ಒಂದು ಕವರ್ ಬಂದು ಕೂತಿತ್ತು. ಕಳಿಸಿ ಹನ್ನೊಂದು ತಿಂಗಳಾಗಿತ್ತು, ನಾನು ಆಸೆ ಬಿಟ್ಟಿದ್ದೆ. ಒಳಗೆ ಡರ್ಹಮ್ ಬುಲ್ಸ್ ಅನ್ನುವ ಮೈನರ್ ಲೀಗ್ (ಮೇಜರ್ ಲೀಗಿಗಿಂತ ಕೆಳಗಿನ ಮಟ್ಟದ) ತಂಡದ ಆಟಗಾರರ ಮೇಲೆ ಪ್ರೋಕಾರ್ಡ್ಸ್ ಕಂಪನಿ ತಂದ 1986ರ ಕಾರ್ಡ್ ಸೆಟ್ಟಿನ ಒಬ್ಬ ಪಿಚರ್‌ನ ಕಾರ್ಡು, ಮೇಲೆ ನೀಲಿ ಶಾರ್ಪಿ ಮಾರ್ಕರ್ ಪೆನ್ನಿನಲ್ಲಿ ದಪ್ಪ ಸಹಿ, ಜೊತೆಗೆ ಎರಡು ಪುಟದ ಕಾಗದ. ಇದು ಬಂದ ಮೇಲೆ ಸೆಟ್ಟಿನಲ್ಲಿ ಸಹಿಯಿಲ್ಲದೆ ಉಳಿದಿರುವುದು ಮೂರೇ ಕಾರ್ಡು. ನಾಲ್ಕು ವರ್ಷದ ಹಿಂದೆ ಶುರು ಮಾಡಿದಾಗ, ರಾಲಿಯ ಕಾರ್ಡ್ ಶೋಗಳಲ್ಲಿ ಸಿಗುವ ಗೆಳೆಯರೆಲ್ಲ ಐದು ಸಹಿ ಬಂದರೆ ಪುಣ್ಯ ಅಂದಿದ್ದರು. ನಮ್ಮ ಪುತ್ತೂರಿನ ಗೆಳೆಯನೊಬ್ಬ ಇನ್ನೂ ನೇರವಾಗಿ ಹೇಳಿದ್ದ: "ಮೇಜರ್‌ಗೆ ಹೋಗದವರ ಸಹಿ ಯಾರಿಗೆ ಬೇಕು ಮಾರಾಯಾ? ಅವರಿಗೇ ಬೇಡ." ಈಗ ಅವನೇ ನನ್ನ ಬೈಂಡರ್ ತೆಗೆದುಕೊಂಡು ಹೋಗಿ ಎರಡು ವಾರ ಇಟ್ಟುಕೊಂಡಿದ್ದ. ಹೇಗೆ ಮಾಡಿದೆ ಅಂತ ತುಂಬ ಜನ ಕೇಳಿದ್ದರಿಂದ ಬರೆಯುತ್ತಿದ್ದೇನೆ.

1986 ಯಾಕೆ ಅಂದರೆ, ಆ ಸೆಟ್ಟಿನಲ್ಲಿ ರಾನ್ ಗ್ಯಾಂಟ್ ಇದ್ದಾರೆ, ಜೆಫ್ ಬ್ಲೌಸರ್ ಇದ್ದಾರೆ. ಗ್ಯಾಂಟ್ ಮುಂದೆ ಮೇಜರ್ ಲೀಗಿನ ಅಟ್ಲಾಂಟಾ ಬ್ರೇವ್ಸ್‌ಗೆ 1990 ಮತ್ತು 1991ರಲ್ಲಿ ಎರಡು ವರ್ಷ ಸತತವಾಗಿ 30 ಹೋಮ್ ರನ್, 30 ಸ್ಟೀಲ್ (ಓಡಿ ಕದ್ದ ಬೇಸ್) ದಾಟಿದರು. ಬ್ಲೌಸರ್ ಅದೇ ತಂಡದ ಶಾರ್ಟ್‌ಸ್ಟಾಪ್ ಆಗಿ ವರ್ಷಗಟ್ಟಲೆ ಆಡಿದರು. ಸೆಟ್ ತೆಗೆದುಕೊಳ್ಳುವವರೆಲ್ಲ ಈ ಇಬ್ಬರಿಗಾಗಿ ತೆಗೆದುಕೊಂಡು, ಉಳಿದದ್ದನ್ನು ಶೂ ಡಬ್ಬಿಗೆ ಹಾಕುತ್ತಾರೆ. ನನಗೆ ಬೇಕಾಗಿದ್ದು ಆ ಶೂ ಡಬ್ಬಿಯವರು. ಗ್ಯಾಂಟ್ ಮತ್ತು ಬ್ಲೌಸರ್ ಸಹಿ ಇರುವ ಕಾರ್ಡುಗಳನ್ನು ಇಬೇಯಲ್ಲಿ ದುಡ್ಡು ಕೊಟ್ಟೇ ತಂದೆ, ಎರಡೂ ಸೇರಿ ನಲವತ್ತು ಡಾಲರ್ ಆಸುಪಾಸು ಆಗಿತ್ತು ಅಂತ ನೆನಪು. ಅವರ ಕಥೆ ಎಲ್ಲರಿಗೂ ಗೊತ್ತು.

ನಾನು ಭದ್ರಾವತಿಯವನು, ಜಿ. ಆರ್. ವಿಶ್ವನಾಥ್ ಹುಟ್ಟಿದ ಊರು. ಊರಲ್ಲಿ ಎಲ್ಲರೂ ವಿಶ್ವನಾಥರ ಸ್ಕ್ವೇರ್ ಕಟ್ ಬಗ್ಗೆ ಮಾತಾಡಿದರೆ ನಮ್ಮ ಅಪ್ಪ ಮಾತ್ರ ಕಬ್ಬಿಣದ ಕಾರ್ಖಾನೆ ಮೈದಾನದಲ್ಲಿ ಆಡಿ, ಜಿಲ್ಲೆಗೆ ಆಡಿ, ರಣಜಿ ತಂಡದ ಬಾಗಿಲಿನ ತನಕ ಹೋಗಿ ವಾಪಸ್ ಬಂದವರ ಬಗ್ಗೆ ಮಾತಾಡುತ್ತಿದ್ದರು. ಅವರ ಸ್ಕೋರು ಅಪ್ಪನ ಬಾಯಲ್ಲಿತ್ತು. ಎಲ್ಲೂ ಅಚ್ಚಾಗಿರಲಿಲ್ಲ. ಇಲ್ಲಿ ಅಮೆರಿಕದ ನಾರ್ತ್ ಕೆರೋಲಿನಾದ ಕ್ಯಾರಿಗೆ ಬಂದು, ಮಗನ ಜೊತೆ ಬುಲ್ಸ್ ಆಟ ನೋಡೋಕೆ ಹೋಗಿ, ಮೈನರ್ ಲೀಗಿನ ಕೆಳಗಿನ ಕ್ಲಾಸ್ ಎ ಮಟ್ಟದಲ್ಲಿ ನಿಂತುಹೋದವನಿಗೂ ಒಂದು ಕಾರ್ಡು ಇರುತ್ತದೆ, ಹಿಂದೆ ಅವನ ಎತ್ತರ, ತೂಕ, ಊರು ಎಲ್ಲ ಇರುತ್ತದೆ ಅಂತ ಗೊತ್ತಾದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಮೊದಲ ವರ್ಷ ಪೂರ್ತಿ ಹಾಳು. ಎಲ್ಲರೂ ಮಾಡುವ ಹಾಗೆ ಕಂಪ್ಯೂಟರಿನಲ್ಲಿ ಒಂದೇ ಕಾಗದ ಮಾಡಿ, ಹೆಸರು ಬದಲಿಸಿ, ಸುಮಾರು ನಲವತ್ತು ಕವರ್ ಕಳಿಸಿದೆ. ಬುಲ್ಸ್ ಸೆಟ್ಟಿನವರ ಜೊತೆಗೆ ಆಗಿನ ಕಿನ್‌ಸ್ಟನ್, ವಿನ್‌ಸ್ಟನ್-ಸೇಲಂ ತಂಡಗಳ ಆಟಗಾರರೂ ಇದ್ದರು. ವಾಪಸ್ ಬಂದದ್ದು ಆರೋ ಏಳೋ. ಹತ್ತು ಹನ್ನೆರಡು ಕವರ್ ರಿಟರ್ನ್ ಟು ಸೆಂಡರ್ ಹಳದಿ ಚೀಟಿ ಅಂಟಿಸಿಕೊಂಡು ಬಂದವು. ಉಳಿದವು ಎಲ್ಲಿ ಹೋದವೋ ದೇವರಿಗೇ ಗೊತ್ತು, ಅದರೊಳಗಿನ ಕಾರ್ಡುಗಳೂ ಹೋದವು. ನೋವಾಗಿದ್ದು ಅಲ್ಲೇ. ಈ ಸೆಟ್ಟುಗಳಲ್ಲಿ ಗ್ಯಾಂಟ್ ಕಾರ್ಡು ಬಿಡಿಯಾಗಿ ಎಷ್ಟು ಬೇಕಾದರೂ ಸಿಗುತ್ತದೆ, ಆದರೆ ಹೆಸರಿಲ್ಲದ ಸೆಕೆಂಡ್ ಬೇಸ್‌ಮನ್ ಕಾರ್ಡು ಬಿಡಿಯಾಗಿ ಸಿಗುವುದೇ ಇಲ್ಲ, ಯಾಕೆಂದರೆ ಅದನ್ನು ಬಿಡಿಯಾಗಿ ಮಾರಿದರೆ ಅಂಚೆ ಖರ್ಚೂ ಗಿಟ್ಟುವುದಿಲ್ಲ. ಹಾಗಾಗಿ ಒಂದು ಕಾರ್ಡು ಕಳೆದರೆ ಇಡೀ ಸೆಟ್ ಮತ್ತೆ ಕೊಳ್ಳಬೇಕು. ಹೀಗೆ ಒಂದೇ ಸೆಟ್ಟನ್ನು ಆರು ಸಲ ಕೊಂಡಿದ್ದೇನೆ, ಹತ್ತರಿಂದ ಹದಿನೆಂಟು ಡಾಲರ್ ತನಕ.

ಟಾಪ್‌ಲೋಡರ್ ತಪ್ಪೂ ಮಾಡಿದೆ. ಕಾರ್ಡು ಮಡಚಿಹೋಗಬಾರದು ಅಂತ ಗಟ್ಟಿ ಪ್ಲಾಸ್ಟಿಕ್ ಕವಚವಾದ ಟಾಪ್‌ಲೋಡರ್‌ನಲ್ಲಿಟ್ಟು ಮಾಮೂಲಿ ಕವರಿಗೆ ಹಾಕಿ ಒಂದೇ ಸ್ಟ್ಯಾಂಪ್ ಹಚ್ಚಿದ್ದೆ. ಗಟ್ಟಿ ಕವರ್ ಅಂಚೆಯ ಯಂತ್ರದಲ್ಲಿ ಹೋಗುವುದಿಲ್ಲ, ಅದಕ್ಕೆ ಬೇರೆ ಚಾರ್ಜು. ಮೂರ್ನಾಲ್ಕು ಕಡೆ ಆಟಗಾರರ ಮನೆಯವರೇ ಬಾಕಿ ದುಡ್ಡು ಕಟ್ಟಿ ಕವರ್ ಬಿಡಿಸಿಕೊಳ್ಳಬೇಕಾಯಿತು ಅಂತ ಆಮೇಲೆ ಗೊತ್ತಾಯಿತು. ಅಪರಿಚಿತನ ಕಾಗದಕ್ಕೆ ಅವರು ದುಡ್ಡು ಕಟ್ಟಿದ್ದು ನೆನೆದರೆ ಈಗಲೂ ಬೇಜಾರು. ಈಗ ಪೆನ್ನಿ ಸ್ಲೀವ್ ಅನ್ನುವ ತೆಳು ಪ್ಲಾಸ್ಟಿಕ್ ಚೀಲ, ಎರಡೂ ಕಡೆ ಸೀರಿಯಲ್ ಡಬ್ಬಿಯ ರಟ್ಟು, ಪೇಂಟರ್ಸ್ ಟೇಪ್. ಕವರ್ ಬಾಗುತ್ತದೆ, ಕಾರ್ಡು ಮಡಚುವುದಿಲ್ಲ. ಇಲ್ಲಿತನಕ ಒಂದೇ ಒಂದು ಮೂಲೆ ಹೋಗಿದೆ.

ಎಲ್ಲಕ್ಕಿಂತ ದೊಡ್ಡ ಎಡವಟ್ಟು ಹೆಸರಿನದು. ಒಬ್ಬ ಔಟ್‌ಫೀಲ್ಡರ್ ಕಾರ್ಡು ಸಹಿಯಾಗಿ ಬಂತು, ಬೈಂಡರಿಗೂ ಸೇರಿಸಿದೆ. ಒಂದು ವರ್ಷ ಆದ ಮೇಲೆ ಹಳೆಯ ಕಾರ್ಯಕ್ರಮ ಪುಸ್ತಕವೊಂದರಲ್ಲಿ ಅದೇ ಆಟಗಾರನ ಸಹಿ ನೋಡಿದರೆ ಒಂದು ಅಕ್ಷರವೂ ಹೊಂದುವುದಿಲ್ಲ. ಅದೇ ಹೆಸರಿನ ಬೇರೆ ಯಾರೋ ಸಹಿ ಹಾಕಿ ಕಳಿಸಿದ್ದರು. ಮತ್ತೆ ಸೆಟ್ ಕೊಂಡೆ, ಮತ್ತೆ ಹುಡುಕಿದೆ, ನಿಜವಾದವರು ಬೇರೆ ರಾಜ್ಯದಲ್ಲಿದ್ದರು. ಅಂದಿನಿಂದ ಹುಟ್ಟಿದ ವರ್ಷ, ಹೈಸ್ಕೂಲು ಎರಡೂ ಹೊಂದದೆ ನಾನು ಸ್ಟ್ಯಾಂಪ್ ಹಚ್ಚುವುದಿಲ್ಲ. ವಿಳಾಸ ಹೇಗೆ ಹುಡುಕುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಗುಟ್ಟೂ ಹೌದು, ಅವರ ಮನೆಯ ಮರ್ಯಾದೆಯೂ ಹೌದು.

ಎರಡನೇ ವರ್ಷ ಒಂದು ವಿಷಯ ಹೊಳೆಯಿತು. ನನ್ನ ಮೊದಲ ಕಾಗದದಲ್ಲಿ "ಗ್ಯಾಂಟ್ ಜೊತೆ ಆಡಿದ್ದು ಹೇಗಿತ್ತು" ಅಂತ ಒಂದು ಸಾಲು ಇತ್ತು. ಅವರ ಜಾಗದಲ್ಲಿ ನಿಂತು ಯೋಚಿಸಿ ನೋಡಿ. ಮೂವತ್ತೈದು ವರ್ಷ ಆದ ಮೇಲೆ ಯಾರೋ ಒಬ್ಬ ನಿಮಗೆ ಕಾಗದ ಬರೆಯುತ್ತಾನೆ, ಅದರಲ್ಲೂ ಪಕ್ಕದವನ ಬಗ್ಗೆ ಕೇಳುತ್ತಾನೆ. ಉತ್ತರ ಬರೆಯೋಕೆ ಮನಸ್ಸಾದರೂ ಹೇಗೆ ಬರುತ್ತದೆ?

ಬೇಸ್‌ಬಾಲ್-ರೆಫರೆನ್ಸ್‌ನಲ್ಲಿ (ಅಂಕಿಅಂಶಗಳ ಜಾಲತಾಣ) ಬುಲ್ಸ್ ಆಡುತ್ತಿದ್ದ ಕೆರೋಲಿನಾ ಲೀಗಿನ 1986ರ ಇಡೀ ವರ್ಷದ ಅಂಕಿಗಳಿವೆ, ಒಂದೊಂದು ಆಟದ ವಿವರ ಇಲ್ಲ. ಅದಕ್ಕೆ ಡರ್ಹಮ್ ಕೌಂಟಿ ಲೈಬ್ರರಿಗೆ ಹೋದೆ. ಅಲ್ಲಿ ಹಳೆಯ ಡರ್ಹಮ್ ಮಾರ್ನಿಂಗ್ ಹೆರಾಲ್ಡ್ ಪತ್ರಿಕೆ ಮೈಕ್ರೋಫಿಲ್ಮ್‌ನಲ್ಲಿದೆ. ಶನಿವಾರ ಮಗನನ್ನು ಸಂಗೀತದ ಕ್ಲಾಸಿಗೆ ಬಿಟ್ಟು ಎರಡು ಗಂಟೆ ಅಲ್ಲಿ ಕೂರುವುದು, ಏಪ್ರಿಲ್‌ನಿಂದ ಶುರು ಮಾಡಿ ಒಂದೊಂದೇ ಬಾಕ್ಸ್ ಸ್ಕೋರ್ (ಒಂದು ಆಟದಲ್ಲಿ ಯಾರು ಏನು ಮಾಡಿದರು ಅನ್ನುವ ಪಟ್ಟಿ) ಓದುವುದು. ಕಣ್ಣು ಉರಿಯುತ್ತದೆ, ರೀಲು ತಿರುಗಿಸಿ ತಲೆ ಸುತ್ತುತ್ತದೆ. ಆದರೆ ಪ್ರತಿಯೊಬ್ಬನಿಗೂ ಒಂದು ದಿನ ಸಿಗುತ್ತದೆ! ವರ್ಷ ಪೂರ್ತಿ ಬರೀ .210 ಸರಾಸರಿಯಲ್ಲಿ ಹೊಡೆದವನೂ ಯಾವುದೋ ಒಂದು ಮಂಗಳವಾರ ಲಿಂಚ್‌ಬರ್ಗ್ ಮೇಲೆ ಮೂರು ಹಿಟ್ ಹೊಡೆದಿರುತ್ತಾನೆ. ಆ ದಿನವನ್ನು ಹುಡುಕಿ, ಆ ತುಣುಕಿನ ನಕಲು ತೆಗೆದು, ಅವನಿಗೆ ಕಳಿಸಿದೆ.

ಇದೇ ನನ್ನ ವಿಧಾನ. ಒಂದು ಪುಟ, ಕೈಬರಹ, ಆ ಒಂದು ಆಟದ ಬಗ್ಗೆ ನಾಲ್ಕು ಸಾಲು, ಬಾಕ್ಸ್ ಸ್ಕೋರಿನ ನಕಲು, ಕೊನೆಗೆ ಒಂದು ಪ್ರಶ್ನೆ. ಆ ಪ್ರಶ್ನೆ ಯಾವುದು ಅಂತ ಹೇಳಲ್ಲ, ಕ್ಷಮಿಸಿ. ಅದನ್ನು ಎಲ್ಲರೂ ಬರೆಯೋಕೆ ಶುರು ಮಾಡಿದರೆ ಅದರ ಬಲವೇ ಹೋಗುತ್ತದೆ. ಪಕ್ಕದವನ ಬಗ್ಗೆ ಕೇಳಬೇಡಿ ಅಂತ ಮಾತ್ರ ಹೇಳುತ್ತೇನೆ.

ಇದರ ಜೊತೆಗೆ ಒಂದು ಫೋಟೋ ಕೂಡ ಇಡುತ್ತೇನೆ. ಬುಲ್ಸ್ 1995ರಲ್ಲಿ ಹೊಸ ಪಾರ್ಕಿಗೆ ಹೋದರು, ಆದರೆ ಇವರೆಲ್ಲ ಆಡಿದ ಹಳೆಯ ಡರ್ಹಮ್ ಅಥ್ಲೆಟಿಕ್ ಪಾರ್ಕ್ ಇನ್ನೂ ನಿಂತಿದೆ, ಮುಂದಿನ ದುಂಡು ಟಿಕೆಟ್ ಗೋಪುರ, ಅದರ ಚೂಪು ಮಾಡು ಸಮೇತ. ಬೆಳಗ್ಗೆ ಬಿಸಿಲು ಚೆನ್ನಾಗಿದ್ದಾಗ ಹೋಗಿ ತೆಗೆದ ಫೋಟೋ, ಅಂಗಡಿಯಲ್ಲಿ ಪ್ರಿಂಟಿಗೆ ಮೂವತ್ತೋ ನಲವತ್ತೋ ಸೆಂಟ್. ಪಾರ್ಕ್ ಕೆಡವಿದ್ದಾರೆ ಅಂದುಕೊಂಡಿದ್ದವರೇ ಮೂರು ಜನ. ಒಬ್ಬರು ಆ ಫೋಟೋ ಫ್ರೇಮ್ ಹಾಕಿಸಿದ್ದೇನೆ ಅಂತ ಬರೆದಿದ್ದರು.

ಈ ರೀತಿ ಕಳಿಸಿದ್ದು ಮೂವತ್ತರ ಹತ್ತಿರ, ಬಂದದ್ದು ಇಪ್ಪತ್ತೆರಡೋ ಇಪ್ಪತ್ತಮೂರೋ. ತುಂಬ ಬೇಗ ಬಂದದ್ದು ಒಂಬತ್ತು ದಿನಕ್ಕೆ. ಮೊದಲ ವರ್ಷ ಉತ್ತರ ಕೊಡದವರೇ ಈ ಸಲ ಕೊಟ್ಟರು, ಅದರಲ್ಲಿ ಇಬ್ಬರು ಹಳೆಯ ಕಾರ್ಡನ್ನೂ ಸಹಿ ಹಾಕಿ ಜೊತೆಗಿಟ್ಟಿದ್ದರು! ಮೊದಲ ಕಾಗದ ಎಸೆದಿರಲಿಲ್ಲ ಅವರು, ಮೇಜಿನ ಮೇಲೆ ಇಟ್ಟುಕೊಂಡು ಸುಮ್ನೆ ಇದ್ದರು ಅಷ್ಟೇ.

ಸಹಿಗಿಂತ ಕಾಗದಗಳೇ ಜಾಸ್ತಿ ದೊಡ್ಡ ಆಸ್ತಿ. ಹೇಗರ್ಸ್‌ಟೌನ್‌ಗೆ ರಾತ್ರಿ ಪೂರ್ತಿ ಬಸ್ಸು, ಎಸಿ ಕೆಟ್ಟ ಬಸ್ಸಿನಲ್ಲಿ ಸಾಮಾನಿನ ಕಟ್ಟೆಯ ಮೇಲೆ ಮಲಗುತ್ತಿದ್ದ ಕ್ಯಾಚರ್, ಒಂದು ಬಾಡಿಗೆ ಮನೆಯಲ್ಲಿ ಐದು ಜನ, ಎರಡು ಹಾಸಿಗೆ. ಒಬ್ಬರು ತಮ್ಮನ್ನು ತಂಡದಿಂದ ಬಿಟ್ಟ ದಿನದ ಬಗ್ಗೆ ಒಂದೂವರೆ ಪುಟ ಬರೆದಿದ್ದಾರೆ. ಹೆಂಡತಿಗೂ ಇಷ್ಟು ಹೇಳಿರಲಿಲ್ಲ ಅಂತ ಕೊನೆಯಲ್ಲಿತ್ತು. 2023ರಲ್ಲಿ ಮೈನರ್ ಲೀಗ್ ಆಟಗಾರರಿಗೆ ಯೂನಿಯನ್ ಒಪ್ಪಂದ ಬಂದು ಹೈ-ಎ (ಕ್ಲಾಸ್ ಎ-ಯ ಮೇಲಿನ ಹಂತ) ಸಂಬಳ ವರ್ಷಕ್ಕೆ 27,300 ಡಾಲರ್ ಆದದ್ದನ್ನು ನಾನು ಒಬ್ಬರಿಗೆ ಬರೆದಿದ್ದೆ. ನಮ್ಮ ಕಾಲಕ್ಕೆ ಇದ್ದಿದ್ದರೆ ಇನ್ನೂ ಎರಡು ವರ್ಷ ಆಡುತ್ತಿದ್ದೆ ಅಂತ ಉತ್ತರ ಬಂತು. ಆ ಕಾಗದ ಓದಿ ನಾನು ಸ್ವಲ್ಪ ಹೊತ್ತು ಗ್ಯಾರೇಜಿನಲ್ಲೇ ನಿಂತಿದ್ದೆ.

ಪೆನ್ನಿನ ಬಗ್ಗೆ ಎರಡು ಮಾತು. ಕಾರ್ಡು ನುಣುಪಾಗಿದ್ದರೆ ಶಾರ್ಪಿ ಹನಿಹನಿಯಾಗಿ ಒಡೆಯುತ್ತದೆ. ಬಿಳಿ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ, ಬೇಬಿ ಪೌಡರ್ ಸವರಿ, ಹತ್ತಿ ಬಟ್ಟೆಯಲ್ಲಿ ಒರೆಸಿ ಕಳಿಸಿ. ಹೇರ್ ಸ್ಪ್ರೇ ಹೊಡೆದು ನೋಡಿದೆ, ಅಂಟಂಟಾಗಿ ಎರಡು ಕಾರ್ಡು ಹಾಳು, ಮಾಡಬೇಡಿ. ನಾನು ಶಾರ್ಪಿ ಕಳಿಸುವುದಿಲ್ಲ, ಅವರ ಮನೆಯಲ್ಲಿರುವ ಪೆನ್ನೇ ಇರಲಿ. ಹಾಗಾಗಿ ನನ್ನ ಸೆಟ್ಟಿನಲ್ಲಿ ಎರಡು ಸಹಿ ಬಾಲ್‌ಪೆನ್ನಿನವು. ಶುದ್ಧ ನೀಲಿ ಶಾರ್ಪಿ ಬೇಕು ಅನ್ನುವವರಿಗೆ ಅದು ಕುಂದು. ನನಗೆ ಆ ಎರಡೇ ಹೆಚ್ಚು ಇಷ್ಟ.

ಮಧ್ಯೆ ಬೇರೆ ದಾರಿಗೂ ಹೋದೆ. ಸೀಸನ್ ಮಧ್ಯದಲ್ಲಿ ತಂಡಕ್ಕೆ ಬಂದವರಿಗೆ ಸೆಟ್ಟಿನಲ್ಲಿ ಕಾರ್ಡು ಇರುವುದಿಲ್ಲ, ಅಷ್ಟರೊಳಗೆ ಫೋಟೋ ತೆಗೆದು ಮುಗಿದಿರುತ್ತದೆ. ಬಾಕ್ಸ್ ಸ್ಕೋರ್ ಓದುವಾಗ ಅಂಥ ಒಬ್ಬರು ಸಿಕ್ಕರು, ಕೆಲವೇ ವಾರ ಆಡಿದವರು, ನನಗೆ ಗೊತ್ತಿರುವ ಮಟ್ಟಿಗೆ ಯಾವ ತಂಡದಲ್ಲೂ ಕಾರ್ಡು ಬಂದಿಲ್ಲ. ಅವರಿಗೆ ಬರೆದು, ಆಗಿನ ಒಂದು ಫೋಟೋ ತರಿಸಿಕೊಂಡು, ಅದೇ ಪ್ರೋಕಾರ್ಡ್ಸ್ ಚೌಕಟ್ಟಿನಂತೆ ನಾನೇ ಮಾಡಿದೆ. ಮನೆಯ ಪ್ರಿಂಟರಿನಲ್ಲಿ ಬಣ್ಣ ಸರಿಬರಲಿಲ್ಲ, ಮೂರು ಸಲ ಹಾಳಾಯಿತು, ಹಿಂದು ಮುಂದು ಹೊಂದಿಸುವುದಕ್ಕೇ ಎರಡು ವಾರಾಂತ್ಯ ಹೋಯಿತು. ಕೊನೆಗೆ ಪ್ರಿಂಟ್ ಅಂಗಡಿಯಲ್ಲಿ ದಪ್ಪ ಕಾಗದದಲ್ಲಿ ಹಾಕಿಸಿ ಟ್ರಿಮ್ಮರಿನಲ್ಲಿ ಕತ್ತರಿಸಿದೆ. ನಾನೇ ಮಾಡಿದ್ದು ಅಂತ ಹಿಂದೆ ಸ್ಪಷ್ಟವಾಗಿ ಅಚ್ಚು ಹಾಕಿದ್ದೇನೆ, ಯಾರೂ ನಾಳೆ ಇದನ್ನು ಅಸಲಿ ಅಂತ ಮಾರಬಾರದು. ಹತ್ತು ಕಳಿಸಿದೆ, ಎರಡು ಸಹಿಯಾಗಿ ವಾಪಸ್ ಬಂತು. ಮೊಮ್ಮಕ್ಕಳಿಗೆ ಒಂದೊಂದು ಕೊಟ್ಟರಂತೆ. ಇನ್ನೊಂದು ಐದು ಸಿಗುತ್ತಾ ಅಂತ ಕೇಳಿದರು, ಇಪ್ಪತ್ತು ಕಳಿಸಿದೆ.

ಇದೇ ಧೈರ್ಯದಲ್ಲಿ ಹೋದ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಹೋದಾಗ ಕರ್ನಾಟಕಕ್ಕೆ ಬೆರಳೆಣಿಕೆಯಷ್ಟು ರಣಜಿ ಪಂದ್ಯ ಆಡಿದ ನಾಲ್ವರಿಗೂ ಹೀಗೆ ಕಾರ್ಡು ಮಾಡಿಕೊಂಡು ಹೋಗಿದ್ದೆ. ಅಂಚೆಯಲ್ಲಿ ಕಳಿಸಿದರೆ ಏನೂ ಆಗಲ್ಲ, ಫೋನ್ ಮಾಡಿ ಮನೆಗೇ ಹೋಗಬೇಕು, ಕಾಫಿ ಕುಡಿಯಬೇಕು, ಒಂದು ಸಹಿಗೆ ಅರ್ಧ ದಿನ. ನಾಲ್ಕರಲ್ಲಿ ಮೂರು ಆಯಿತು. ಒಬ್ಬರು ತಮ್ಮ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿ, "ತೂಕ ಎಷ್ಟು ಅಂತ ಹಾಕಿದ್ದೀರಿ? ಆಗ ಅಷ್ಟಿರಲಿಲ್ಲ ಕಣಪ್ಪ" ಅಂದರು. ತಿದ್ದಿ ಹೊಸದು ಮಾಡುತ್ತಿದ್ದೇನೆ. ರಿಂಕು ಸಿಂಗ್, ದಿನೇಶ್ ಪಟೇಲ್ ಕಾರ್ಡುಗಳನ್ನೂ ಬೇರೆ ಪುಟದಲ್ಲಿ ಸೇರಿಸುತ್ತಿದ್ದೇನೆ. 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಬೇಸ್‌ಬಾಲ್ ತಂಡ ತೆಗೆದುಕೊಂಡ ನಮ್ಮ ಭಾರತದ ಹುಡುಗರು ಅಲ್ವಾ.

ದುಡ್ಡಿನ ಲೆಕ್ಕ ಎಲ್ಲರೂ ಕೇಳುತ್ತಾರೆ. ಶುರು ಮಾಡಿದಾಗ ಸ್ಟ್ಯಾಂಪು 60 ಸೆಂಟ್ ಇತ್ತು, ಆಮೇಲೆ ಏರುತ್ತಾ 2024ರಲ್ಲಿ 73, 2025ರಲ್ಲಿ 78 ಆಯಿತು, ಒಂದು ಕಾಗದಕ್ಕೆ ಹೋಗಲು ಒಂದು ಬರಲು ಒಂದು. ಬೆಲೆ ಏರಿದ ಮೇಲೂ ನಡೆಯುವ ಫಾರೆವರ್ ಸ್ಟ್ಯಾಂಪನ್ನು ಬೆಲೆ ಏರುವ ಮುಂಚೆ ಐದಾರು ಹಾಳೆ ತೆಗೆದಿಟ್ಟಿದ್ದು ಒಳ್ಳೆಯದಾಯಿತು. ಅಂಚೆಗೆ ನೂರೈವತ್ತು, ಸೆಟ್ಟುಗಳಿಗೆ ತೊಂಬತ್ತು, ಕೊಂಡ ಸಹಿಗಳಿಗೆ ನಲವತ್ತು, ನಕಲು, ಪ್ರಿಂಟು, ರಟ್ಟು, ಟೇಪು ಎಲ್ಲ ಸೇರಿ ನಾಲ್ಕು ವರ್ಷಕ್ಕೆ ನಾನೂರು ಡಾಲರ್ ಒಳಗೇ ಇದೆ ಅಂತ ನನ್ನ ಅಂದಾಜು. ಪೆಟ್ರೋಲ್ ಸೇರಿಸಿಲ್ಲ. ಒಂದು ಕಾರ್ಡ್ ಶೋನಲ್ಲಿ ಇಡೀ ಸೆಟ್ಟಿಗೆ ನೂರಿಪ್ಪತ್ತು ಕೊಡುತ್ತೇನೆ ಅಂತ ಒಬ್ಬರು ಬಂದರು. ಕಾಗದಗಳಿಲ್ಲದೆ ಬರೀ ಕಾರ್ಡು ಸಾಕಂತೆ ಅವರಿಗೆ. ಕೊಡಲಿಲ್ಲ.

ಬಾಕಿ ಇರುವ ಮೂವರಲ್ಲಿ ಇಬ್ಬರು ಎಲ್ಲಿದ್ದಾರೆ ಅಂತ ಇನ್ನೂ ಸಿಕ್ಕಿಲ್ಲ. ಮೂರನೆಯವರು ಕಾರ್ಡನ್ನು ಸಹಿ ಹಾಕದೆ ವಾಪಸ್ ಕಳಿಸಿ, ಆ ದಿನಗಳನ್ನು ನೆನೆಯಲು ಇಷ್ಟ ಇಲ್ಲ ಅಂತ ಒಂದು ಸಾಲು ಬರೆದಿದ್ದರು. ಅವರಿಗೆ ಮತ್ತೆ ಕಾರ್ಡು ಕಳಿಸಿಲ್ಲ, ಕಳಿಸುವುದೂ ಇಲ್ಲ. ಆದರೆ ಬಾಕ್ಸ್ ಸ್ಕೋರಿನ ನಕಲನ್ನು ಅವರು ಇಟ್ಟುಕೊಂಡಿದ್ದಾರೆ, ಕವರಿನಲ್ಲಿ ಅದು ವಾಪಸ್ ಬಂದಿರಲಿಲ್ಲ. ಬೈಂಡರಿನಲ್ಲಿ ಅವರ ಕಾರ್ಡು ಸಹಿಯಿಲ್ಲದೆ ತನ್ನ ಜಾಗದಲ್ಲೇ ಇದೆ. ಈ ಶನಿವಾರ ಆಗಸ್ಟ್ ತಿಂಗಳ ರೀಲು ಮತ್ತೆ ಹಾಕಿಸಬೇಕು, ಆ ಇಬ್ಬರಲ್ಲಿ ಒಬ್ಬರು ಆ ತಿಂಗಳ ಕೊನೆಯಲ್ಲಿ ಒಂದು ಒಳ್ಳೆಯ ಆಟ ಆಡಿದ್ದಾರೆ ಅಂತ ನನಗೆ ಮಸುಕಾಗಿ ನೆನಪಿದೆ.