ಬೆಡ್ ಗ್ರೈಂಡಿಂಗ್‌ಗೆ ಕಳಿಸುವ ಮುಂಚೆ ಒಮ್ಮೆ ಅಳೆಯಿರಿ

ಹೋದ ಏಪ್ರಿಲ್‌ನಲ್ಲಿ ಕಪನೂರ ಇಂಡಸ್ಟ್ರಿಯಲ್ ಏರಿಯಾದ ಒಂದು ವರ್ಕ್‌ಶಾಪಿನಿಂದ ಫೋನ್ ಬಂತು. ಅವರು ದಾಲ್ ಮಿಲ್‌ಗಳಿಗೆ ರೋಲರ್ ಮಾಡಿಕೊಡುತ್ತಾರೆ. ಕಲಬುರಗಿಯಲ್ಲಿ ತೊಗರಿ ಬೆಳೆಯುವ ತನಕ ಆ ಕೆಲಸಕ್ಕೆ ಬರವಿಲ್ಲ. 600 ಮಿಮೀ ಉದ್ದದ ರೋಲರನ್ನು ಲೇತಿನಲ್ಲಿ ಟರ್ನಿಂಗ್ ಮಾಡಿದರೆ ಒಂದು ತುದಿಗಿಂತ ಇನ್ನೊಂದು ತುದಿ 0.04 ಮಿಮೀ ದಪ್ಪ ಬರುತ್ತಿತ್ತು. ಇದಕ್ಕೆ ಟೇಪರ್ ಅನ್ನುತ್ತೇವೆ. "ಅಣ್ಣಾರ, ಲೇತಿನ ಬೆಡ್ ಸವದು ಹೋಗ್ಯಾದ. ಗ್ರೈಂಡಿಂಗ್‌ಗೆ ಹೈದರಾಬಾದಿಗೆ ಕಳಸ್ಲತ್ತೀನಿ. ನೀವ್ ಒಮ್ಮಿ ನೋಡಿ ಹ್ಞೂಂ ಅಂದ್ರ ಸಾಕು" ಅಂದರು ಮಾಲೀಕರು. ಬೆಡ್ ಅಂದರೆ ಲೇತಿನ ಉದ್ದಕ್ಕೂ ಇರುವ ತಳ, ಟೂಲ್ ಅದರ ಮೇಲೆಯೇ ಜಾರುತ್ತದೆ.

ನೋಡಿ ಹ್ಞೂಂ ಅನ್ನುವ ಕೆಲಸ ನನ್ನದಲ್ಲ. ಅಳೆಯಬೇಕು. ಮುಚ್ಚಿಹೋದ ಒಂದು ಟೂಲ್ ರೂಮಿನಿಂದ ಕೊಂಡ ಹಳೆಯ ಆಟೋಕಾಲಿಮೇಟರ್, ಅಂದರೆ ಚೂರು ವಾಲಿಕೆಯನ್ನೂ ಬೆಳಕಿನಿಂದ ಅಳೆಯುವ ಉಪಕರಣ, ನನ್ನ ಹತ್ತಿರ ಇದೆ. ಡಿಪ್ಲೊಮಾ ಮುಗಿಸಿದ ನನ್ನ ತಂಗಿಯ ಮಗಳು ರೀಡಿಂಗ್ ಬರೆದುಕೊಳ್ಳುತ್ತಾಳೆ. ನಾವಿಬ್ಬರೂ ಆ ಲೇತಿಗೆ ಮಾಡಿದ್ದನ್ನೇ ಇಲ್ಲಿ ಹೇಳುತ್ತೇನೆ. ನೀವೂ ಮಾಡಬಹುದು.

ಮೊದಲು ಹೊತ್ತು ನೋಡಿ. ನಮ್ಮ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಮಧ್ಯಾಹ್ನ ಅಳೆಯಲು ಹೋಗಬೇಡಿ. ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಅಂತ ಜಗತ್ತು ಒಪ್ಪಿಕೊಂಡಿದೆ. ಒಂದು ಮೀಟರ್ ಸ್ಟೀಲ್ ಪ್ರತಿ ಡಿಗ್ರಿಗೆ ಸುಮಾರು 11.5 ಮೈಕ್ರಾನ್ (ಮಿಮೀಯ ಸಾವಿರದ ಒಂದು ಪಾಲು) ಹಿಗ್ಗುತ್ತದೆ. 40 ಡಿಗ್ರಿಯಲ್ಲಿ ಅದು 230 ಮೈಕ್ರಾನ್! ಎಲ್ಲಾ ಕಡೆ ಒಂದೇ ಸಮ ಹಿಗ್ಗಿದರೆ ಲೆಕ್ಕ ಹಾಕಿ ಕಳೆಯಬಹುದು. ಆದರೆ ಬೆಡ್ಡಿನ ಮೇಲ್ಭಾಗ ಬಿಸಿಯಾಗಿ ಕೆಳಭಾಗ ತಣ್ಣಗಿದ್ದರೆ ಬೆಡ್ ಬಿಲ್ಲಿನಂತೆ ಬಾಗುತ್ತದೆ. ಸಾಲದ್ದಕ್ಕೆ ಆಟೋಕಾಲಿಮೇಟರ್ ಕೊಳವೆಯೊಳಗೆ ಕಾಣುವ ಕ್ರಾಸ್ ಗೆರೆ ಬಿಸಿಲ್ಗುದುರೆಯಂತೆ ಕುಣಿಯುತ್ತದೆ. ನಾವು ಬೆಳಿಗ್ಗೆ 5ಕ್ಕೆ ಹೋದೆವು. ಹಿಂದಿನ ರಾತ್ರಿಯಿಂದ ಲೇತ್ ಬಂದ್ ಇತ್ತು. ಶಟರ್ ಇಳಿಸಿ, ಕೂಲರ್ ಆಫ್ ಮಾಡಿದೆವು.

ಆಟೋಕಾಲಿಮೇಟರ್ ಅಂದರೆ ದುರ್ಬೀನಿನಂಥ ಒಂದು ಕೊಳವೆ. ಒಳಗಿನ ದೀಪ ಒಂದು ಕ್ರಾಸ್ ಗೆರೆಯನ್ನು ಸಮಾಂತರ ಬೆಳಕಾಗಿ ಹೊರಗೆ ಕಳಿಸುತ್ತದೆ. ಎದುರಿಗಿರುವ ಕನ್ನಡಿ ಅದನ್ನು ವಾಪಸ್ ಕಳಿಸುತ್ತದೆ. ಕನ್ನಡಿ ಚೂರು ವಾಲಿದರೆ ವಾಪಸ್ ಬರುವ ಬೆಳಕು ಅದರ ಎರಡರಷ್ಟು ವಾಲುತ್ತದೆ, ಗೆರೆ ಸರಿಯುತ್ತದೆ. ಎಷ್ಟು ಸರಿಯಿತು ಅಂತ ಸ್ಕೇಲಿನಲ್ಲಿ ಸೆಕೆಂಡ್ ಲೆಕ್ಕದಲ್ಲಿ ಓದುತ್ತೇವೆ. ಇದು ಗಡಿಯಾರದ ಸೆಕೆಂಡ್ ಅಲ್ಲ, ಒಂದು ಡಿಗ್ರಿಯ 3600ನೇ ಒಂದು ಪಾಲು. ಕನ್ನಡಿ ಹತ್ತಿರವಿದ್ದರೂ ದೂರವಿದ್ದರೂ ಅದೇ ವಾಲಿಕೆಗೆ ಅದೇ ರೀಡಿಂಗ್. ಈ ಉಪಕರಣದ ಚಂದವೇ ಅದು.

ಕನ್ನಡಿ ಕೂರುವ ಪೀಠಕ್ಕೆ ಎರಡು ಪಾದ. ನನ್ನದರಲ್ಲಿ ಅವುಗಳ ನಡುವೆ 100 ಮಿಮೀ. ಒಂದು ಸೆಕೆಂಡ್ ವಾಲಿದರೆ ಒಂದು ಪಾದ ಇನ್ನೊಂದಕ್ಕಿಂತ 0.485 ಮೈಕ್ರಾನ್ ಆಚೀಚೆ ಆಗಿದೆ ಅಂತ ಅರ್ಥ. ಅರ್ಧ ಮೈಕ್ರಾನ್ ಅಂತಲೇ ನೆನಪಿಟ್ಟುಕೊಳ್ಳಿ.

ಕೊಳವೆಯನ್ನು ನೆಲದ ಮೇಲೆ ಸ್ಟ್ಯಾಂಡ್ ಇಟ್ಟು ನಿಲ್ಲಿಸಬೇಡಿ. ನಮ್ಮ ಶೆಡ್ಡುಗಳ ಶಹಾಬಾದ್ ಕಲ್ಲಿನ ನೆಲದಲ್ಲಿ ಪಕ್ಕದಲ್ಲಿ ಒಬ್ಬರು ನಡೆದರೂ ಗೆರೆ ಅಲ್ಲಾಡುತ್ತದೆ. ಬೆಡ್ಡಿನ ಟೇಲ್‌ಸ್ಟಾಕ್ ತುದಿಗೇ, ಅಂದರೆ ರೋಲರ್ ಹಿಡಿಯುವ ಚಕ್‌ನ ಎದುರು ತುದಿಗೇ, ಬ್ರಾಕೆಟ್ ಹಾಕಿ ಬಿಗಿಯಿರಿ. ಬೆಡ್ಡಿನ ಎಣ್ಣೆ ಒರೆಸಿ, ಬರಿಗೈ ಬೆರಳಿನಿಂದ ಒಮ್ಮೆ ಸವರಿ ನೋಡಿ. ಬಟ್ಟೆಗೆ ಸಿಗದ ಕಸ ಬೆರಳಿಗೆ ಸಿಗುತ್ತದೆ.

ಈಗ ಬಹಳ ಜನ ಬಿಟ್ಟುಬಿಡುವ ಕೆಲಸ. ಬೆಡ್ ಅಳೆಯುವ ಮುಂಚೆ ನಿಮ್ಮನ್ನೇ ಅಳೆದುಕೊಳ್ಳಿ. ಕನ್ನಡಿಯನ್ನು ಮೊದಲ ಜಾಗದಲ್ಲಿ ಇಡಿ, ಓದಿ, ಎತ್ತಿ, ಮತ್ತೆ ಅಲ್ಲೇ ಇಡಿ. ಹೀಗೆ ಐದು ಸಲ. ನಮಗೆ ಬಂದದ್ದು 11, 13, 12, 11, 13 ಸೆಕೆಂಡ್. ಸರಾಸರಿ 12. ಪ್ರತಿಯೊಂದೂ ಸರಾಸರಿಯಿಂದ ಎಷ್ಟು ದೂರ ಅಂತ ನೋಡಿ, ಅದರ ವರ್ಗ ಮಾಡಿ, ಕೂಡಿಸಿದರೆ 4. ಐದು ರೀಡಿಂಗ್ ಇದ್ದರೆ ನಾಲ್ಕರಿಂದ ಭಾಗಿಸಬೇಕು, ಐದರಿಂದ ಅಲ್ಲ. ವರ್ಗಮೂಲ ತೆಗೆದರೆ 1 ಸೆಕೆಂಡ್. ಇದನ್ನೇ ಪುಸ್ತಕದಲ್ಲಿ ಸ್ಟ್ಯಾಂಡರ್ಡ್ ಡೀವಿಯೇಶನ್ ಅನ್ನುತ್ತಾರೆ. ನಾನು ಚದುರಿಕೆ ಅನ್ನುತ್ತೇನೆ. ಕ್ಯಾಲ್ಕುಲೇಟರ್ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ: ಐದು ರೀಡಿಂಗಿನಲ್ಲಿ ದೊಡ್ಡದರಿಂದ ಚಿಕ್ಕದು ಕಳೆದು 2.33ರಿಂದ ಭಾಗಿಸಿ. ಒರಟು ಲೆಕ್ಕವಾದರೂ ಶೆಡ್ಡಿನಲ್ಲಿ ಸಾಕು.

ಅಂದರೆ ನನ್ನ ಕೈ, ನನ್ನ ಕಣ್ಣು, ಆ ಹೊತ್ತಿನ ಗಾಳಿ ಎಲ್ಲ ಸೇರಿ ಅರ್ಧ ಮೈಕ್ರಾನ್ ಚದುರಿಕೆ. ಇದು ಗೊತ್ತಿಲ್ಲದೆ ಮುಂದೆ ಹೋದರೆ ನಿಮ್ಮ ಕೈ ನಡುಗಿದ್ದನ್ನು ಮಷೀನಿನ ತಪ್ಪು ಅಂತ ಬರೆದುಕೊಂಡು ಬರುತ್ತೀರಿ.

ಲೇತಿನಲ್ಲಿ ಯಾವ ದಿಕ್ಕು ಅಳೆಯಬೇಕು ಅನ್ನುವುದೂ ಮುಖ್ಯ. ಬೆಡ್ ಮೇಲೆ ಕೆಳಗೆ ಚೂರು ಅಂಕುಡೊಂಕಾದರೆ ಜಾಬಿನ (ಕೊರೆಯುವ ವಸ್ತುವಿನ) ಡಯಾಗೆ, ಅಂದರೆ ವ್ಯಾಸಕ್ಕೆ, ಹೆಚ್ಚೇನೂ ಆಗುವುದಿಲ್ಲ. 100 ಮಿಮೀ ಡಯಾದ ಜಾಬಿಗೆ ಟೂಲ್ 0.1 ಮಿಮೀ ಕೆಳಗಿಳಿದರೂ ಡಯಾದಲ್ಲಿ ವ್ಯತ್ಯಾಸ 0.2 ಮೈಕ್ರಾನ್ ಅಷ್ಟೇ. ಆದರೆ ಬೆಡ್ ಅಡ್ಡಕ್ಕೆ, ಅಂದರೆ ಆಪರೇಟರ್ ಕಡೆಗೋ ಆಚೆಗೋ ಸರಿದರೆ, ಎಷ್ಟು ಸರಿಯಿತೋ ಅದರ ಎರಡರಷ್ಟು ಡಯಾದಲ್ಲಿ ಬರುತ್ತದೆ. ಹಾಗಾಗಿ ಟೂಲ್ ಹೊತ್ತ ಸ್ಯಾಡಲ್ ಜಾರುವ ಮುಂದಿನ ವಿ ಆಕಾರದ ಗೈಡಿನ ಮೇಲೆ ಕನ್ನಡಿ ಕೂರಿಸಿ ಅಡ್ಡ ದಿಕ್ಕಿನ ರೀಡಿಂಗ್ ತೆಗೆದುಕೊಂಡೆವು. ಪ್ಲಸ್ ಯಾವ ಕಡೆ, ಮೈನಸ್ ಯಾವ ಕಡೆ ಅಂತ ಊಹಿಸಬೇಡಿ. ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಚೂರನ್ನು ಒಂದು ಪಾದಕ್ಕೆ ಒತ್ತಿಟ್ಟು ಗೆರೆ ಎತ್ತ ಸರಿಯುತ್ತದೆ ನೋಡಿ. ಫಾಯಿಲ್ 0.01 ಮಿಮೀ ದಪ್ಪವಿದ್ದರೆ ಸುಮಾರು 20 ಸೆಕೆಂಡ್ ಸರಿಯಬೇಕು. ಸ್ಕೇಲ್ ಸರಿ ಓದುತ್ತಿದೆಯಾ ಅಂತಲೂ ಗೊತ್ತಾಗುತ್ತದೆ.

ಚಕ್ ಕಡೆಯಿಂದ ಶುರು ಮಾಡಿ 100 ಮಿಮೀ ಒಂದೊಂದು ಹೆಜ್ಜೆ. ಹಿಂದಿನ ಪಾದ ಮುಂದಿನ ಪಾದವಿದ್ದ ಜಾಗಕ್ಕೇ ಬರಬೇಕು. ಹೆಜ್ಜೆ ತಪ್ಪಿದರೆ ಲೆಕ್ಕವೆಲ್ಲ ಸುಳ್ಳು. ಎಂಟು ಹೆಜ್ಜೆಗೆ ಬಂದ ರೀಡಿಂಗ್: 12, 14, 17, 21, 23, 20, 16, 13. ಮುಗಿದ ಮೇಲೆ ಮತ್ತೆ ಮೊದಲ ಜಾಗಕ್ಕೆ ಹೋಗಿ ನೋಡಿದೆವು, 12. ಅಲ್ಲಿ ಐದಾರು ಸೆಕೆಂಡ್ ಬೇರೆ ಬಂದಿದ್ದರೆ ಕೊಳವೆಯೇ ಸರಿದಿದೆ ಅಂತ. ಆಗ ಎಲ್ಲ ಬಿಟ್ಟು ಚಹಾ ಕುಡಿದು ಮೊದಲಿನಿಂದ ಶುರು ಮಾಡಬೇಕು.

ಇವು ವಾಲಿಕೆಗಳು, ಇನ್ನೂ ಆಕಾರ ಅಲ್ಲ. ಎಂಟರ ಸರಾಸರಿ 17. ಪ್ರತಿಯೊಂದರಿಂದ 17 ಕಳೆದರೆ −5, −3, 0, 4, 6, 3, −1, −4. ಈಗ ಒಂದರ ಮೇಲೊಂದು ಕೂಡಿಸುತ್ತಾ ಹೋಗಿ: −5, −8, −8, −4, 2, 5, 4, 0. ಕೊನೆಗೆ ಸೊನ್ನೆ ಬಂದರೆ ಲೆಕ್ಕ ಸರಿ. ಇದೇ ಬೆಡ್ಡಿನ ಆಕಾರ. ಚಕ್‌ನಿಂದ 200-300 ಮಿಮೀ ದೂರದಲ್ಲಿ ಒಂದು ಕಡೆ ಸರಿದಿದೆ, 600ರ ಹತ್ತಿರ ಇನ್ನೊಂದು ಕಡೆ. ಸ್ಯಾಡಲ್ ಜಾಸ್ತಿ ಓಡಾಡುವುದು ಚಕ್ ಹತ್ತಿರವೇ ಅಲ್ವಾ, ಸವೆತವೂ ಅಲ್ಲೇ. −8ರಿಂದ 5ಕ್ಕೆ 13 ಸೆಕೆಂಡ್, 0.485ರಿಂದ ಗುಣಿಸಿದರೆ 6.3 ಮೈಕ್ರಾನ್. ಪ್ರತಿ ಹೆಜ್ಜೆಯ ಚದುರಿಕೆ ಕೂಡುತ್ತಾ ಬರುವುದರಿಂದ ಇದರಲ್ಲಿ ಒಂದೆರಡು ಮೈಕ್ರಾನ್ ಹೆಚ್ಚುಕಡಿಮೆ ಇಟ್ಟುಕೊಳ್ಳಿ.

ತಂಗಿಯ ಮಗಳು ಕೇಳಿದಳು: "ಮಾಮಾ, 6 ಮೈಕ್ರಾನ್ ಅಂದ್ರ ಡಯಾದಾಗ 12. ಇವರಿಗೆ 40 ಬರ್ಲತ್ತದ. ಉಳಿದಿದ್ದು ಎಲ್ಲಿಂದ ಬಂತು?"

ಉತ್ತರ ನನ್ನ ಚೀಲದಲ್ಲೇ ಇತ್ತು. ನಾನು ಮಾಡಿದ ತಪ್ಪು ಏನಂದರೆ ಸ್ಪಿರಿಟ್ ಲೆವೆಲ್ ಮೊದಲು ಇಡಲಿಲ್ಲ. ಆಟೋಕಾಲಿಮೇಟರ್ ಸಿಕ್ಕ ಖುಷಿಯಲ್ಲಿ ಸೀದಾ ಅದನ್ನೇ ಹೂಡಿದ್ದೆ. ಬೆಡ್ ತಿರುಚಿಕೊಂಡಿದ್ದರೆ, ಒದ್ದೆ ಟವೆಲ್ ಹಿಂಡಿದ ಹಾಗೆ, ಕನ್ನಡಿ ತನ್ನ ಸುತ್ತಲೇ ಉರುಳುತ್ತದೆ. ಅದು ಕೊಳವೆಗೆ ಕಾಣುವುದೇ ಇಲ್ಲ. ಗುಳ್ಳೆ ಒಂದು ಗೆರೆ ಸರಿದರೆ ಮೀಟರಿಗೆ 0.02 ಮಿಮೀ ವಾಲಿಕೆ ತೋರಿಸುವ ಲೆವೆಲ್ಲನ್ನು ಎರಡೂ ಗೈಡಿನ ಮೇಲೆ ಕೂರುವ ಬ್ರಿಜ್ ಮೇಲೆ ಅಡ್ಡ ಇಟ್ಟು 600 ಮಿಮೀ ಸರಿಸಿದೆ. ಗುಳ್ಳೆ 5 ಗೆರೆ ಓಡಿತು. ಅಂದರೆ ಮೀಟರಿಗೆ 0.1 ಮಿಮೀ ತಿರುಚು. ಸೆಂಟರ್ ಹೈಟ್, ಅಂದರೆ ಬೆಡ್ಡಿನಿಂದ ಜಾಬಿನ ನಡುವಿನ ತನಕ ಎತ್ತರ, 200 ಮಿಮೀ. ಗುಣಿಸಿದರೆ ಟೂಲ್ 20 ಮೈಕ್ರಾನ್ ಅಡ್ಡ ಸರಿಯುತ್ತದೆ, ಡಯಾದಲ್ಲಿ 40. ಅಲ್ಲಿಗೆ 0.04 ಮಿಮೀ ಟೇಪರ್ ಸಿಕ್ಕಿತು!

ಕಾರಣ ಕಾಲ ಕೆಳಗೇ ಇತ್ತು. ನಮ್ಮದು ಎರೆ ಮಣ್ಣು. ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಬಿರಿದು ಕುಗ್ಗುತ್ತದೆ. ಆ ಶೆಡ್ಡಿನಲ್ಲಿ ಲೇತಿಗೆ ಬೇರೆ ಫೌಂಡೇಶನ್ ಇರಲಿಲ್ಲ, ಸುಮ್ನೆ ನೆಲದ ಮೇಲೆ ಬೋಲ್ಟ್ ಹಾಕಿದ್ದರು. ಟೇಲ್‌ಸ್ಟಾಕ್ ಕಡೆಯ ಒಂದು ಮೂಲೆ ಕುಸಿದಿತ್ತು. ಜಾಕಿಂಗ್ ಬೋಲ್ಟ್ ತಿರುವಿ ಗುಳ್ಳೆ ಎರಡೂ ಕಡೆ ಒಂದೇ ಜಾಗಕ್ಕೆ ಬರುವಂತೆ ಮಾಡಿ, ಒಂದು ರಾತ್ರಿ ಬಿಟ್ಟು, ಮತ್ತೆ ನೋಡಿ ಬಿಗಿದೆವು. ಟೇಪರ್ 0.01ಕ್ಕೆ ಇಳಿಯಿತು. ಬೆಡ್ ಹೈದರಾಬಾದಿಗೆ ಹೋಗಲಿಲ್ಲ. ಮಳೆ ಬಿದ್ದ ಮೇಲೆ ಮತ್ತೊಮ್ಮೆ ಲೆವೆಲ್ ಇಡಿ ಅಂತ ಹೇಳಿ ಬಂದೆ. ಇನ್ನೊಂದು ಮಾತು: ಲೆವೆಲ್ ಸರಿಯಿದ್ದೂ ಟೇಪರ್ ಬಂದರೆ ಸ್ಪಿಂಡಲ್ಲಿಗೆ ಮ್ಯಾಂಡ್ರೆಲ್ (ನೇರವಾದ ಟೆಸ್ಟ್ ಬಾರ್) ಹಾಕಿ ಅದರ ಮೇಲೆ ಡಯಲ್ ಗೇಜ್ ಓಡಿಸಿ. ಸ್ಪಿಂಡಲ್ ಹೊತ್ತ ಹೆಡ್‌ಸ್ಟಾಕೇ ವಾರೆ ಇರಬಹುದು.

ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷೀನಿಗೆ ಬೇರೆ ಪ್ರಶ್ನೆ. 300 ಮಿಮೀಗೆ ಹೋಗು ಅಂದರೆ ನಿಜಕ್ಕೂ 300ಕ್ಕೆ ಹೋಗುತ್ತದಾ? ಇದಕ್ಕೆ ಲೇಸರ್ ಬೆಳಕಿನಿಂದ ದೂರ ಅಳೆಯುವ ಇಂಟರ್‌ಫೆರೊಮೀಟರ್ ಬೇಕು. ನಾನು ಕಿಟ್ ಬಾಡಿಗೆಗೆ ತರುತ್ತೇನೆ. ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 230-2 ಹೇಳುವಂತೆ ಪ್ರತಿ ಜಾಗಕ್ಕೆ ಎರಡೂ ದಿಕ್ಕಿನಿಂದ ಐದೈದು ಸಲ ಬರಬೇಕು. ಜಾಗಗಳನ್ನು 100, 200, 300 ಅಂತ ಸಮ ಅಳತೆಗೆ ಇಡಬೇಡಿ. ಟೇಬಲ್ ಸರಿಸುವ ಬಾಲ್ ಸ್ಕ್ರೂವಿನ ಪಿಚ್ (ಒಂದು ಸುತ್ತಿಗೆ ಸರಿಯುವ ದೂರ) 10 ಮಿಮೀ ಇದ್ದರೆ ಪ್ರತಿ ಸಲ ಸ್ಕ್ರೂ ಒಂದೇ ಕೋನದಲ್ಲಿ ನಿಲ್ಲುತ್ತದೆ, ಸುತ್ತಿನೊಳಗಿನ ತಪ್ಪು ಅಡಗಿ ಕೂರುತ್ತದೆ. 97, 203, 301 ಅಂತ ಚೂರು ಆಚೀಚೆ ಇಡಿ.

ಬೀದರಿನ ಕೊಳಾರ ಇಂಡಸ್ಟ್ರಿಯಲ್ ಏರಿಯಾದ ಒಂದು ವಿಎಂಸಿಯಲ್ಲಿ (ವರ್ಟಿಕಲ್ ಮಷೀನಿಂಗ್ ಸೆಂಟರ್, ಒಂದು ಬಗೆಯ ಸಿಎನ್‌ಸಿ ಮಷೀನ್) 301ರ ಜಾಗದಲ್ಲಿ ಪ್ಲಸ್ ಕಡೆಯಿಂದ ಬಂದಾಗಿನ ತಪ್ಪು 4, 6, 5, 3, 7 ಮೈಕ್ರಾನ್. ಸರಾಸರಿ 5, ಚದುರಿಕೆ 1.58. ಮೈನಸ್ ಕಡೆಯಿಂದ 13, 15, 14, 15, 13. ಸರಾಸರಿ 14, ಚದುರಿಕೆ 1. ಎರಡು ಸರಾಸರಿಗಳ ನಡುವೆ 9 ಮೈಕ್ರಾನ್. ಇದು ಬ್ಯಾಕ್‌ಲ್ಯಾಶ್, ಅಂದರೆ ದಿಕ್ಕು ಬದಲಾದಾಗ ಕಾಣುವ ಸಡಿಲ. ಕಂಟ್ರೋಲರ್‌ನಲ್ಲಿ ಪ್ಯಾರಾಮೀಟರ್ ಹಾಕಿ ತೆಗೆಯಬಹುದು. ಎಲ್ಲ ಜಾಗದಲ್ಲೂ ಸರಾಸರಿ ಹೇಗೆ ಏರಿಳಿಯುತ್ತದೆ ನೋಡಿ ಪಿಚ್ ಕಾಂಪೆನ್ಸೇಶನ್ (ಜಾಗ ಜಾಗಕ್ಕೆ ತಿದ್ದುಪಡಿ) ಹಾಕಬಹುದು. ಆದರೆ ಚದುರಿಕೆಯನ್ನು ಯಾವ ಪ್ಯಾರಾಮೀಟರೂ ತಿದ್ದುವುದಿಲ್ಲ. ಅದು ಜಾಸ್ತಿ ಇದ್ದರೆ ಗಿಬ್ ಸಡಿಲ, ಬೇರಿಂಗ್ ಸವೆತ, ಕಪ್ಲಿಂಗ್ ಜಾರುವುದು ಇಂಥದ್ದೇನೋ ಇದೆ. ಸ್ಪ್ಯಾನರ್ ಹಿಡಿಯಬೇಕು. ಮಾನದಂಡದಲ್ಲಿ ಒಂದು ದಿಕ್ಕಿನ ರಿಪೀಟಬಿಲಿಟಿ ಅಂದರೆ ಚದುರಿಕೆಯ 4 ಪಟ್ಟು. ಇಲ್ಲಿ 6.3 ಮತ್ತು 4. ಎರಡೂ ದಿಕ್ಕು ಸೇರಿ 2×1.58 + 2×1 + 9, ಅಂದರೆ 14.2. ಅದರಲ್ಲಿ 9 ಬರೀ ಬ್ಯಾಕ್‌ಲ್ಯಾಶ್. ಮಷೀನ್ ಚೆನ್ನಾಗಿಯೇ ಇತ್ತು.

ಚೆನ್ನಾಗಿದ್ದ ಮಷೀನನ್ನು ಕೆಡಿಸಿದ್ದು ನಾನು. ಲೇಸರ್ ತನ್ನ ಬೆಳಕಿನ ಅಲೆಯನ್ನೇ ಅಳತೆಕೋಲು ಮಾಡಿಕೊಳ್ಳುತ್ತದೆ. ಗಾಳಿಯ ಒತ್ತಡ ಹೆಚ್ಚಾದರೆ ಆ ಅಲೆ ಚಿಕ್ಕದಾಗುತ್ತದೆ. ಒತ್ತಡ ಒಂದು ಹೆಕ್ಟೋಪಾಸ್ಕಲ್ ಬದಲಾದರೆ ಮೀಟರಿಗೆ ಸುಮಾರು 0.27 ಮೈಕ್ರಾನ್ ವ್ಯತ್ಯಾಸ. ಅವತ್ತು ಕಿಟ್ಟಿನ ಒತ್ತಡದ ಸೆನ್ಸರ್ ಕೇಬಲ್ ಕಟ್ ಆಗಿತ್ತು. ಫೋನಿನ ಹವಾಮಾನ ಆ್ಯಪ್ ನೋಡಿ 1008 ಅಂತ ಹೊಡೆದೆ. ಆ್ಯಪ್ ಕೊಡುವುದು ಸಮುದ್ರ ಮಟ್ಟಕ್ಕೆ ಇಳಿಸಿದ ಲೆಕ್ಕ. ಬೀದರ್ ಇರುವುದು 600 ಮೀಟರಿಗೂ ಮೇಲೆ, ಅಲ್ಲಿನ ನಿಜ ಒತ್ತಡ ಸುಮಾರು 940. 68 ಹೆಕ್ಟೋಪಾಸ್ಕಲ್ ತಪ್ಪು, ಮೀಟರಿಗೆ 18 ಮೈಕ್ರಾನ್. 800 ಮಿಮೀ ಎಕ್ಸ್ ಆಕ್ಸಿಸ್‌ನಲ್ಲಿ ಸುಮಾರು 15. ಲೇಸರ್ ಕಡಿಮೆ ತೋರಿಸಿತು, ನಾನು ಕಾಂಪೆನ್ಸೇಶನ್ ಹಾಕಿ ಉದ್ದ ಮಾಡಿಬಿಟ್ಟೆ. ರೀಡಿಂಗುಗಳ ಚದುರಿಕೆ ಮಾತ್ರ ಎಷ್ಟು ಚಂದ ಇತ್ತು ಅಂದರೆ ನನಗೆ ಅನುಮಾನವೇ ಬರಲಿಲ್ಲ. ಐದೂ ಸಲ ಒಂದೇ ತಪ್ಪು.

ಮೂರು ವಾರದ ನಂತರ ಅವರ ಗಿರಾಕಿ ಜಾಬ್ ವಾಪಸ್ ಕಳಿಸಿದಾಗ ಗೊತ್ತಾಯಿತು. ದುಡ್ಡು ತೆಗೆದುಕೊಳ್ಳದೆ ಮತ್ತೆ ಹೋಗಿ ಎಲ್ಲ ತಿದ್ದಿ ಬಂದೆ. ಈಗ ಒಂದು ಚಿಕ್ಕ ಬ್ಯಾರೋಮೀಟರ್ ನನ್ನ ಚೀಲದಲ್ಲಿರುತ್ತದೆ. ಮಷೀನಿನ ಪಕ್ಕ ಹತ್ತು ನಿಮಿಷ ಇಟ್ಟು ಓದುತ್ತೇನೆ. ಕಲಬುರಗಿಯಲ್ಲಿ 960ರ ಆಸುಪಾಸು, ಬೀದರಿನಲ್ಲಿ 940ರ ಆಸುಪಾಸು ಬರಬೇಕು. 1000 ದಾಟಿದ ಅಂಕಿ ಕಂಡರೆ ತಂಗಿಯ ಮಗಳು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡುತ್ತಾಳೆ.