ಸೋತವರಿಗೆ ಇಲ್ಲಿ ಮೊದಲ ಮಣೆ

ಸೋಮವಾರ ಬೆಳಿಗ್ಗೆ ಆಫೀಸಿನ ಕಾಫಿ ಮೆಷಿನ್ ಹತ್ತಿರ ಯಾರಾದರೂ "ನಿನ್ನೆ ಮ್ಯಾಚ್ ನೋಡಿದ್ರಾ?" ಅಂತ ಕೇಳಿಯೇ ಕೇಳುತ್ತಾರೆ. ನೀವು ಅಲಾರಂ ಇಟ್ಟುಕೊಂಡು ನೋಡಿದ ಲಿವರ್‌ಪೂಲ್ ಮ್ಯಾಚಿನ ಕಥೆ ಶುರು ಮಾಡಬೇಡಿ. ಅವರು ಕೇಳುತ್ತಿರುವುದು ಸ್ಯಾನ್ ಫ್ರಾನ್ಸಿಸ್ಕೋದ ಅಮೆರಿಕನ್ ಫುಟ್‌ಬಾಲ್ ತಂಡ ಫೋರ್ಟಿನೈನರ್ಸ್ ಬಗ್ಗೆ. ಇಲ್ಲಿ ಫುಟ್‌ಬಾಲ್ ಅಂದರೆ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವ ಆಟ, ನಮ್ಮ ಫುಟ್‌ಬಾಲ್‌ಗೆ ಸಾಕರ್ ಅನ್ನಬೇಕು. ಇಷ್ಟನ್ನು ಯಾರು ಬೇಕಾದರೂ ಹೇಳಿಕೊಡುತ್ತಾರೆ. ನನಗೆ ಅರ್ಥವಾಗಲು ವರ್ಷಗಳು ಹಿಡಿದದ್ದು ಬೇರೆ.

ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬರುವ ಮೊದಲು ಪ್ರಾಜೆಕ್ಟ್ ಮೇಲೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೆ. ಅಲ್ಲಿನ ಪ್ರೀಮಿಯರ್ ಲೀಗ್‌ನಲ್ಲಿ 20 ತಂಡ. ಸೀಸನ್ ಮುಗಿದಾಗ ಕೊನೆಯ ಮೂರು ತಂಡ ಕೆಳಗಿನ ಡಿವಿಜನ್‌ಗೆ ಬೀಳುತ್ತವೆ, ಅಲ್ಲಿಂದ ಮೂರು ಮೇಲೆ ಬರುತ್ತವೆ. ಬಿದ್ದರೆ ಟಿವಿ ದುಡ್ಡು ಹೋಯಿತು, ಒಳ್ಳೆ ಆಟಗಾರರೂ ಹೋದರು. ಲೆಸ್ಟರ್ ಸಿಟಿ 2014ರಲ್ಲಿ ಮೇಲೆ ಬಂತು, 2015ರಲ್ಲಿ ಹೇಗೋ ಬಚಾವಾಯಿತು, 2016ರಲ್ಲಿ ಲೀಗನ್ನೇ ಗೆದ್ದಿತು, 2023ರಲ್ಲಿ ಮತ್ತೆ ಬಿತ್ತು. ಏಪ್ರಿಲ್ ಬಂತೆಂದರೆ ಕಪ್ ಗೆಲ್ಲುವವರಿಗಿಂತ ಬೀಳುವವರ ಮಾತೇ ಜಾಸ್ತಿ. ಬಸ್ಸಿನಲ್ಲಿ ವಯಸ್ಸಾದವರು ಬೆರಳು ಮಡಚಿ ಪಾಯಿಂಟ್ ಲೆಕ್ಕ ಹಾಕುತ್ತಿದ್ದರು. ಮುಖ ನೋಡಿದರೆ ಮಗನ ಎಸ್ಸೆಸ್ಸೆಲ್ಸಿ ರಿಸಲ್ಟ್ ಕಾಯುತ್ತಿದ್ದಾರೇನೋ ಅನ್ನಿಸುತ್ತಿತ್ತು.

ಅಮೆರಿಕದಲ್ಲಿ ಈ ಭಯವೇ ಇಲ್ಲ. ಇಲ್ಲಿನ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ 32 ತಂಡ. ಎಷ್ಟು ಸೋತರೂ ಮುಂದಿನ ವರ್ಷ ಅದೇ 32. ಮೇಲಾಗಿ ಸೋತವರಿಗೇ ಮೊದಲ ಮಣೆ! ಕಾಲೇಜಿನಿಂದ ಬರುವ ಹುಡುಗರನ್ನು ಹಂಚಿಕೊಳ್ಳಲು ಡ್ರಾಫ್ಟ್ ಅಂತ ನಡೆಯುತ್ತದೆ, ಅದರಲ್ಲಿ ಕೊನೆಗೆ ಬಂದ ತಂಡ ಮೊದಲು ಆರಿಸುತ್ತದೆ. ಕ್ಲೀವ್‌ಲೆಂಡ್ ಬ್ರೌನ್ಸ್ 2017ರಲ್ಲಿ 16ಕ್ಕೆ 16 ಮ್ಯಾಚೂ ಸೋತು, 2018ರ ಡ್ರಾಫ್ಟ್‌ನಲ್ಲಿ ಮೊದಲ ಸರದಿ ಪಡೆಯಿತು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಇದಕ್ಕಾಗಿ ಬೇಕಂತಲೇ ಸೋಲುತ್ತಾರೆ ಅಂತ ಎನ್‌ಬಿಎಯವರು 1985ರಿಂದ ಲಾಟರಿ ಎತ್ತುತ್ತಿದ್ದಾರೆ. ಎನ್‌ಎಫ್‌ಎಲ್‌ನಲ್ಲಿ ಆಟಗಾರರ ಒಟ್ಟು ಸಂಬಳಕ್ಕೂ ಮಿತಿ ಇದೆ, ದೇಶಕ್ಕೆಲ್ಲ ತೋರಿಸುವ ಟಿವಿಯ ದುಡ್ಡು ಎಲ್ಲರಿಗೂ ಸಮಪಾಲು. ತಮಾಷೆ ನೋಡಿ, ವ್ಯಾಪಾರವೇ ಉಸಿರು ಅನ್ನುವ ಅಮೆರಿಕದಲ್ಲಿ ಆಟ ಕೂಡುಕುಟುಂಬ. ಯುರೋಪಿನಲ್ಲಿ ಮಾತ್ರ ದುಡ್ಡೇ ದೊಡ್ಡಪ್ಪ.

ನಮಗೆ ಇದು ಹೊಸದೇನಲ್ಲ, ಐಪಿಎಲ್ ಕೂಡ ಇದೇ ಅಚ್ಚಿನದು. ಆರ್‌ಸಿಬಿ 2017ರಲ್ಲೂ 2019ರಲ್ಲೂ ಕೊನೇ ಸ್ಥಾನದಲ್ಲಿತ್ತು. ಇಂಗ್ಲೆಂಡಿನ ಲೆಕ್ಕದಲ್ಲಿ ಎರಡು ಸಲ ಕೆಳಗೆ ಬಿದ್ದಿರಬೇಕಿತ್ತು. ಬೀಳಲಿಲ್ಲ, 2025ರಲ್ಲಿ ಕಪ್ ನಮ್ದೇ ಆಯಿತು. ಬ್ರೌನ್ಸ್ ಅಭಿಮಾನಿ ಸಿಕ್ಕರೆ ಈ ಕಥೆ ಹೇಳಿ. ಹದಿನೆಂಟನೇ ಸೀಸನ್ನಿನವರೆಗೆ ಕಾದೆವು ಅಂದರೆ ಸಾಕು, ಕೂತು ಕೇಳುತ್ತಾರೆ.

ಆದರೆ ಕೂಡುಕುಟುಂಬದಲ್ಲಿ ಮನೆ ಯಜಮಾನನದು, ಊರಿನದಲ್ಲ. ಹೆಚ್ಚು ಲಾಭ ಕಂಡ ಕಡೆಗೆ ತಂಡವನ್ನು ಎತ್ತಿಕೊಂಡು ಹೋಗಬಹುದು. ನಮ್ಮ ಪಕ್ಕದ ಓಕ್‌ಲ್ಯಾಂಡನ್ನೇ ನೋಡಿ. ಬ್ಯಾಸ್ಕೆಟ್‌ಬಾಲಿನ ವಾರಿಯರ್ಸ್ 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯಿತು, ಫುಟ್‌ಬಾಲಿನ ರೈಡರ್ಸ್ 2020ರಲ್ಲಿ ಲಾಸ್ ವೇಗಸ್‌ಗೆ, ಬೇಸ್‌ಬಾಲಿನ ಎ'ಸ್ 2024ರ ಸೀಸನ್ ಮುಗಿಸಿ ಹೊರಟಿತು. ನಮ್ಮ ಬೀದಿಯ ಹಿರಿಯರೊಬ್ಬರು ಇವತ್ತಿಗೂ ಎ'ಸ್‌ನ ಹಸಿರು ಟೋಪಿ ಹಾಕಿಕೊಂಡೇ ನಾಯಿ ವಾಕಿಂಗ್ ಮಾಡಿಸುತ್ತಾರೆ. ತಂಡದ ಮಾತು ಎತ್ತಿದರೆ ಮಾತ್ರ ಹವಾಮಾನದ ಕಡೆ ಹೊರಳುತ್ತಾರೆ. ಇಂಗ್ಲೆಂಡಿನಲ್ಲೂ ಒಮ್ಮೆ ಹೀಗಾಯಿತು. ವಿಂಬಲ್ಡನ್ ತಂಡವನ್ನು 2003ರಲ್ಲಿ ಮಿಲ್ಟನ್ ಕೀನ್ಸ್‌ಗೆ ಸಾಗಿಸಿದರು. ಅಭಿಮಾನಿಗಳು ಅದಕ್ಕೂ ಮುಂಚೆಯೇ, 2002ರಲ್ಲಿ, ಎಎಫ್‌ಸಿ ವಿಂಬಲ್ಡನ್ ಅಂತ ತಮ್ಮದೇ ಕ್ಲಬ್ ಕಟ್ಟಿಕೊಂಡು ತೀರಾ ಕೆಳಗಿನಿಂದ ಮೇಲೆ ಬಂದರು. ಇಲ್ಲಿ ಹಾಗೆ ಕಟ್ಟಿದರೂ ಏರಲು ಮೆಟ್ಟಿಲೇ ಇಲ್ಲ.

ಸ್ಟೇಡಿಯಮ್‌ಗೆ ಒಮ್ಮೆ ಹೋಗಿ ಬನ್ನಿ. ಮೊದಲ ಸಲ ಹೆಂಡತಿಯ ವ್ಯಾನಿಟಿ ಬ್ಯಾಗನ್ನು ಗೇಟಿನಲ್ಲೇ ತಡೆದರು, ಕಾರಿನಲ್ಲಿ ಇಟ್ಟು ಬರುವಷ್ಟರಲ್ಲಿ ಕಾಲು ಭಾಗ ಆಟ ಮುಗಿದಿತ್ತು. ಎನ್‌ಎಫ್‌ಎಲ್‌ಗೆ ಪಾರದರ್ಶಕ ಚೀಲವೇ ಆಗಬೇಕು. ಎರಡು ಮೂರು ಗಂಟೆ ಮೊದಲೇ ಹೋದರೆ ಪಾರ್ಕಿಂಗ್ ಲಾಟಿನಲ್ಲೇ ಜಾತ್ರೆ. ಕಾರಿನ ಡಿಕ್ಕಿ ತೆಗೆದು, ಒಲೆ ಹಚ್ಚಿ, ಗುರುತಿಲ್ಲದವರನ್ನೂ ಕರೆದು ತಿನ್ನಿಸುತ್ತಾರೆ. ಟೈಲ್‌ಗೇಟಿಂಗ್ ಅಂತ ಹೆಸರು. ನಾವು ಒಮ್ಮೆ ಚುರುಮುರಿ ಕಲಸಿಕೊಟ್ಟೆವು, ಪಕ್ಕದವರು ಹಸಿಮೆಣಸಿನಕಾಯಿ ಪಕ್ಕಕ್ಕಿಟ್ಟು ಪೂರ್ತಿ ತಿಂದರು. ಒಳಗೆ ಎದುರಾಳಿ ಅಭಿಮಾನಿಗಳು ನಿಮ್ಮ ಮಗ್ಗುಲಲ್ಲೇ ಕೂತಿರುತ್ತಾರೆ, ಗಾಬರಿ ಬೇಡ. ಇಂಗ್ಲೆಂಡಿನಲ್ಲಿ ಅವರನ್ನು ಬೇರೆ ಮೂಲೆಯಲ್ಲಿ ಕೂರಿಸುತ್ತಾರೆ, ಸೀಟಿನಲ್ಲಿ ಕೂತು ಬಿಯರ್ ಕುಡಿಯಲೂ ಬಿಡುವುದಿಲ್ಲ. ಆಟ 60 ನಿಮಿಷದ್ದೇ ಆದರೂ ಜಾಹೀರಾತು, ವಿರಾಮ ಎಲ್ಲ ಸೇರಿ ಮೂರು ಗಂಟೆ ದಾಟುತ್ತದೆ. ಮಕ್ಕಳಿಗೆ ಸ್ವೆಟರ್ ಇರಲಿ.

ಕೊನೇದಾಗಿ, ಒಳ್ಳೆ ಮುಹೂರ್ತ ಇದೆ ಅಂತ ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್ ನಡೆಯುವ ಭಾನುವಾರ ಗೃಹಪ್ರವೇಶ ಇಟ್ಟುಕೊಂಡು ಸಂಜೆ ಆಫೀಸಿನವರನ್ನು ಊಟಕ್ಕೆ ಕರೆಯಬೇಡಿ. ಈಗ ಅದು ಫೆಬ್ರವರಿಯ ಎರಡನೇ ಭಾನುವಾರ ಬರುತ್ತದೆ. ನಾವು ಗೊತ್ತಿಲ್ಲದೆ ಕರೆದೆವು. ಇಪ್ಪತ್ತೈದು ಜನಕ್ಕೆ ಬಿಸಿಬೇಳೆಬಾತ್ ಮಾಡಿದ್ದೆವು. ಬಂದವರು ಒಬ್ಬರೇ, ಅವರೂ ಪೋಲೆಂಡಿನವರು.