ಬಗ್ ಪಟ್ಟಿಯನ್ನು ಊರಿಗೆಲ್ಲ ತೆರೆದಿಟ್ಟೆವು: ನನ್ನ ಅನುಭವ

ಹಾಲಿನ ಸಂಘಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವುದು ನಮ್ಮ ಕಸುಬು. ಆಫೀಸು ಮೈಸೂರಿನ ಕುವೆಂಪುನಗರದಲ್ಲಿ, ಗಿರಾಕಿಗಳು ಮದ್ದೂರು, ಪಾಂಡವಪುರ, ಕೆ.ಆರ್. ಪೇಟೆ ಕಡೆಯವರು. ಮ್ಯಾಂಟಿಸ್ ಎಂಬ ದೋಷ ದಾಖಲಿಸುವ ತಂತ್ರಾಂಶದಲ್ಲಿದ್ದ ನಮ್ಮ ಬಗ್ (ಸಾಫ್ಟ್‌ವೇರ್ ದೋಷ) ಪಟ್ಟಿಯನ್ನು ಲಾಗಿನ್ ಇಲ್ಲದೆ ಯಾರು ಬೇಕಾದರೂ ಓದಲಿ ಅಂದಾಗ ಪಾಲುದಾರ ಗೆಳೆಯ ಸುತರಾಂ ಒಪ್ಪಲಿಲ್ಲ. "ಮನೆ ಜಗಳ ಬೀದಿಗೆ ತರ್ತೀಯಲ್ಲೋ. ಎದುರು ಕಂಪನಿಯವರು ಪ್ರಿಂಟ್ ತೆಗೆದು ಸಂಘಸಂಘಕ್ಕೂ ತೋರಿಸ್ತಾರೆ" ಅಂದ. ಡೆಬಿಯನ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂ ಮಾಡುವವರು 1997ರಲ್ಲೇ ತಮ್ಮ ಸಾಮಾಜಿಕ ಒಪ್ಪಂದದಲ್ಲಿ ಬಗ್ ಪಟ್ಟಿ ಸದಾ ಎಲ್ಲರಿಗೂ ತೆರೆದಿರುತ್ತದೆ ಎಂದು ಬರೆದುಕೊಟ್ಟಿದ್ದಾರೆ ಎಂದೆ. "ಅವರಿಗೆ ಬಟವಾಡೆ ದಿನ ಫೋನ್ ಬರಲ್ಲ" ಅಂದ.

ನನ್ನ ಹಟಕ್ಕೆ ಆ ಫೋನೇ ಕಾರಣ; ಪಟ್ಟಿ ಅವರೇ ನೋಡುವಂತಾದರೆ ಕರೆ ಕಡಿಮೆಯಾದೀತು ಎಂಬ ಲೆಕ್ಕ. ಬಟವಾಡೆ ದಿನ ನಲವತ್ತು ಕರೆ ಬಂದರೆ ಮೂವತ್ತರಲ್ಲಿ ಒಂದೇ ತಕರಾರು: ದರ ಬದಲಾದ ದಿನ ಸಂಜೆ ಹಾಲಿಗೂ ಹಳೇ ಫ್ಯಾಟ್ ದರವೇ ಬೀಳ್ತಿದೆ.

ಮೊದಲ ಸಲ ತೆರೆದದ್ದು ಹತ್ತು ದಿನವೂ ನಿಲ್ಲಲಿಲ್ಲ. ಕಾರ್ಯದರ್ಶಿಗಳು ಕಳಿಸಿದ್ದ ಸ್ಕ್ರೀನ್‌ಶಾಟ್‌ಗಳಲ್ಲಿ ರೈತರ ಹೆಸರು, ಬ್ಯಾಂಕ್ ಖಾತೆ ನಂಬರು ಎಲ್ಲವೂ ಇತ್ತು. ಮಳವಳ್ಳಿ ಕಡೆಯ ಕಾರ್ಯದರ್ಶಿಯೊಬ್ಬರು ರಾತ್ರಿ ಹತ್ತಕ್ಕೆ ಫೋನ್ ಮಾಡಿ, "ಅಲ್ಲಾ ಕಣಣ್ಣ, ನಮ್ಮೂರೋರ ಪಾಸ್‌ಬುಕ್ಕನ್ನೆಲ್ಲಾ ಬೀದೀಲಿ ನೇತಾಕಿದ್ದೀರಲ್ಲ" ಅಂದರು. ಆಗಲೇ ಮುಚ್ಚಿದೆ. ಎರಡು ಸಾವಿರದಷ್ಟು ಹಳೇ ಟಿಕೆಟ್‌ಗಳನ್ನು (ಬಗ್ ದೂರುಗಳನ್ನು) ಇಬ್ಬರು ಕೂತು ಶೋಧಿಸಲು ಮೂರು ವಾರ ಹಿಡಿಯಿತು. ಸಂಬಳವೇ ನಲವತ್ತು ಸಾವಿರ ಹೋಯಿತು. ಒಂದು ಸಂಘ ನಮ್ಮನ್ನು ಬಿಟ್ಟಿತು, ಬಿಡಬೇಕಾದದ್ದೇ.

ಎರಡನೇ ಸಲ ಸ್ಕ್ರೀನ್‌ಶಾಟ್‌ನಂಥ ಲಗತ್ತುಗಳು ಲಾಗಿನ್ ಆಗದವರಿಗೆ ಕಾಣದಂತೆ ಮಾಡಿ, ಹೊಸ ಟಿಕೆಟ್ ಮೊದಲು ಖಾಸಗಿಯಾಗಿಯೇ ಬೀಳುವಂತೆ ಇಟ್ಟೆ. ನಾನು ಓದಿದ ಮೇಲಷ್ಟೇ ಅದು ಹೊರಗೆ. ಉದ್ದನೆಯ ನಂಬರುಗಳನ್ನು ಮುಚ್ಚಲು ಬರೆದ ನಿಯಮ ಮಾತ್ರ ನಮ್ಮಲ್ಲೇ ಇರಲಿ, ಅದಕ್ಕೆ ಪಟ್ಟ ಪಾಡು ನಮಗೇ ಗೊತ್ತು. ಭದ್ರತೆಯ ಬಗ್‌ಗಳು ಬೇರೆ ಕಂಪ್ಯೂಟರಿನಲ್ಲಿ, ಅದಕ್ಕೆ ಇಂಟರ್ನೆಟ್ಟೇ ಇಲ್ಲ. ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದ ಬಗ್ ಪಟ್ಟಿ ಬಗ್‌ಜಿಲ್ಲಾದಲ್ಲಿ ಒಬ್ಬರ ಪಾಸ್‌ವರ್ಡ್ ಕದ್ದು ಗುಪ್ತ ಬಗ್‌ಗಳನ್ನು ಓದಿದ್ದರೆಂದು 2015ರಲ್ಲಿ ಹೊರಬಿತ್ತಲ್ಲ, ಅದನ್ನು ನೆನೆದೇ ಹೀಗೆ ಮಾಡಿದ್ದು. ಆಮೇಲೆ ಪುಟಗಳನ್ನು ತಾವಾಗಿಯೇ ಓದಿಕೊಂಡು ಹೋಗುವ ಸರ್ಚ್ ಬಾಟ್‌ಗಳ ಕಾಟ. ಫಿಲ್ಟರ್ ಲಿಂಕುಗಳನ್ನೆಲ್ಲ ಹಿಡಿದು ಎಳೆದು, ತಿಂಗಳಿಗೆ ಐನೂರಿದ್ದ ಸರ್ವರ್ ಬಿಲ್ಲು ಸಾವಿರದ ಇನ್ನೂರಕ್ಕೆ ಏರಿತು. ಆ ಪುಟಗಳನ್ನು ಲಾಗಿನ್ ಆದವರಿಗಷ್ಟೇ ಇಟ್ಟ ಮೇಲೆ ಇಳಿಯಿತು.

ನಡುವೆ ಕನ್ನಡ ಹುಡುಕಾಟದ ಹಿಂದೆ ಬಿದ್ದು ಒಂದು ತಿಂಗಳು ಕಳೆದೆ. 'ರ‍್ಯ' ಎಂದು ಒಬ್ಬರು, 'ರ್ಯ' ಎಂದು ಇನ್ನೊಬ್ಬರು ಟೈಪ್ ಮಾಡುತ್ತಾರೆ. ನಡುವಿನ ಕಾಣದ ಜೋಡಕ ಅಕ್ಷರದಿಂದ ಒಂದು ಹುಡುಕಿದರೆ ಇನ್ನೊಂದು ಸಿಗದು. ಶೀರ್ಷಿಕೆಯ ನಕಲೊಂದನ್ನು ಬೇರೆ ಕಾಲಮ್ಮಿನಲ್ಲಿಟ್ಟು, ಅದರಲ್ಲಿ ಜೋಡಕ ಕಿತ್ತುಹಾಕಿ, ಹುಡುಕುವ ಪದದಿಂದಲೂ ಕಿತ್ತೆ. ಫ್ಯಾಟ್, ಪ್ಯಾಟು, ಕೊಬ್ಬು ಎಲ್ಲ ಒಂದೇ ಎಂದು ತಿಳಿಸುವ ಪದಪಟ್ಟಿಯೂ ಇದೆ. ಅದನ್ನು ಯಾರಿಗೂ ಕೊಟ್ಟಿಲ್ಲ.

ಸಂಘಗಳ ತೂಕದ ಯಂತ್ರದ ಮೇಲೆ, ಸ್ಕ್ಯಾನ್ ಮಾಡಿದರೆ ಬಗ್ ಪಟ್ಟಿ ತೆರೆಯುವ ಕ್ಯೂಆರ್ ಸ್ಟಿಕ್ಕರ್ ಅಂಟಿಸಿ ಬಂದೆವು. ನಾಲ್ಕೈದು ತಿಂಗಳಲ್ಲಿ ಬಟವಾಡೆ ದಿನದ ಕರೆ ಎಂಟೊಂಬತ್ತಕ್ಕೆ ಬಂತು. ಎದುರು ಕಂಪನಿಯವರು ಪ್ರಿಂಟ್ ತೆಗೆದದ್ದೂ ನಿಜ. ಪಾಂಡವಪುರದ ಸಂಘವೊಂದರಲ್ಲಿ ಅಧ್ಯಕ್ಷರು ಅದನ್ನು ನೋಡಿ, "ಸರಿ ಕಣಪ್ಪ, ನಿಮ್ದೂ ಇಂಥ ಪಟ್ಟಿ ಐತಾ, ತೋರ್ಸಿ" ಅಂದರಂತೆ. ಆ ಸಂಘ ಈಗಲೂ ನಮ್ಮದೇ.

ಹೊರಗಿನವರು ಟಿಪ್ಪಣಿ ಬರೆಯಲು ಒಂದು ವಾರ ಬಿಟ್ಟು ನೋಡಿದೆ. ಬರೀ ಔಷಧಿ ಜಾಹೀರಾತು ತುಂಬಿತು, ಮುಚ್ಚಿದೆ. "ನಮಗೂ ಇದೇ ತೊಂದರೆ" ಎನ್ನಲು ಪ್ರತಿ ಬಗ್‌ಗೂ ಒಂದು ಮಿಸ್ಡ್ ಕಾಲ್ ನಂಬರು ಕೊಟ್ಟರೆ ಹೇಗೆ ಎಂದು ಈಗ ನೋಡುತ್ತಿದ್ದೇವೆ.